ರೇಷ್ಮೆಯ ಬೆನ್ನು

ಪಸಡೀನಾದ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೆ ಲಾಕ್‌ಡೌನಿನಲ್ಲಿ ಪೂರ್ವಿಕರನ್ನು ಹುಡುಕುವ ಹುಚ್ಚು ಹಿಡಿಯಿತು. ಸಿಕ್ಕವರು ಹ್ಯೂಗೆನಾಟರೆಂಬ ಪ್ರಾಟೆಸ್ಟೆಂಟ್ ಕ್ರೈಸ್ತರು. ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಓಡಿ, ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ನೆಲೆಸಿ ರೇಷ್ಮೆ ನೇಯ್ದವರು. ಒಬ್ಬ ನೂಲಿಗೆ ಬಣ್ಣ ಹಾಕುತ್ತಿದ್ದನಂತೆ, ಅವನ ತಮ್ಮ ನೇಯುತ್ತಿದ್ದನಂತೆ. ಬೇಲಿಯಾಚೆಯಿಂದ ನನಗೆ ದಿನವೂ ಇದೇ ಕಥೆ.

ವಿಮಾನಗಳು ಮತ್ತೆ ಶುರುವಾದ ಮೇಲೆ ಇಳಕಲ್ಲಿನಿಂದ ಅವ್ವ ಬಂದಳು. ಸೀರೆ ನೇಯುವ ಮನೆಯವಳು. ವಿಷಯ ಕೇಳಿದ್ದೇ, “ಹಂಗಾರ ನಮ್ಮ ಮಂದೀನ ಆದ್ರಲ್ಲ, ನಡಿ ಮಾತಾಡ್ಸೋಣು,” ಎಂದು ಎದ್ದೇಬಿಟ್ಟಳು.

ಅಜ್ಜಿ ಹೆಮ್ಮೆಯಿಂದ ಗೋಡೆ ತೋರಿಸಿದರು. ಗಾಜಿನ ಫ್ರೇಮಿನಲ್ಲಿ ಆ ಪೂರ್ವಿಕರು ನೇಯ್ದ, ಯಾರದೆಂದು ತಿಳಿಯದೆಯೇ ತಲೆಮಾರುಗಳಿಂದ ಮನೆಯಲ್ಲಿ ತೂಗುತ್ತಿದ್ದ ಅಂಗೈಯಗಲದ ರೇಷ್ಮೆ. ಬಿಸಿಲಿಗೆ ಬಿಳಿಚಿ ಒಣಹುಲ್ಲಿನ ಬಣ್ಣವಾಗಿತ್ತು. ಅವ್ವ ಚೆನ್ನಾಗಿದೆ ಎಂದು ಸುಮ್ಮನಾಗಬಾರದೇ?

“ಬಿಚ್ರಿ ಅಕ್ಕಾರ, ಹಿಂದ ಹೆಂಗೈತಿ ನೋಡೂಣು.”

ನಮ್ಮಲ್ಲಿ ಬಟ್ಟೆ ಕೈಗೆ ಬಂದರೆ ಮೊದಲು ತಿರುವಿ ನೋಡುತ್ತಾರೆ. ನೇಯ್ಗೆಯ ನಿಜ ಬೆನ್ನಿನಲ್ಲಿರುತ್ತದೆ. ಆದರೆ ಅದು ಇಳಕಲ್ಲು, ಇದು ಮಂದಿಯ ಮನೆ. “ಸುಮ್ನಿರವ್ವಾ!” ಎಂದು ಗದರಿದೆ. ಅಜ್ಜಿಗೆ ಮಾತು ತಿಳಿಯದಿದ್ದರೂ ಅವ್ವನ ಕೈಸನ್ನೆ ತಿಳಿಯಿತು. ಫ್ರೇಮ್ ಬಿಚ್ಚಿದರು.

ಹಿಂಬದಿಯಲ್ಲಿ ಕಡುಗೆಂಪು, ಈಗಷ್ಟೇ ಮಗ್ಗದಿಂದ ಇಳಿದಂತೆ. ಇಬ್ಬರೂ ಅದರ ಮೇಲೆ ಬಾಗಿ ತಂತಮ್ಮ ಭಾಷೆಯಲ್ಲಿ ಮಾತಾಡುತ್ತ ಕೂತರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಈಗ ಆ ರೇಷ್ಮೆ ಬಿಸಿಲು ಬೀಳದ ಗೋಡೆಯಲ್ಲಿ ಬೆನ್ನು ತೋರಿಸಿಕೊಂಡು ತೂಗುತ್ತಿದೆ. ಉಲ್ಟಾ ಹಾಕಿದ್ದೀರಲ್ಲ ಎಂದು ಯಾರಾದರೂ ಹೇಳಿದರೆ ಅಜ್ಜಿ, ನಮ್ಮ ಮನೆತನದವರು ಬಟ್ಟೆ ನೋಡುವುದೇ ಹೀಗೆ ಎನ್ನುತ್ತಾರೆ.