ಅತ್ತೆ ಮತ್ತು ಹಳದಿ ಕಪ್ಪೆಗಳು

ನಮ್ಮ ಅತ್ತೆಯ ಕುತ್ತಿಗೆ ಪಕ್ಕಕ್ಕೆ ತಿರುಗುತ್ತಿರಲಿಲ್ಲ. ಚಿಕ್ಕಂದಿನಿಂದ ಹುಲ್ಲಿನ ಹೊರೆ, ರಾಗಿ ಕಂತೆ, ನೀರಿನ ಬಿಂದಿಗೆ ಹೊತ್ತು ಅಭ್ಯಾಸವಾಗಿ, ತಲೆ ಬರಿದಿದ್ದಾಗಲೂ ಹೊರೆ ಇದ್ದಂತೆಯೇ ನೆಟ್ಟಗೆ ನಡೆಯುತ್ತಿದ್ದರು. ಯಾರಾದರೂ ಕೂಗಿದರೆ ನಿಂತು ಇಡೀ ಮೈಯನ್ನೇ ಅತ್ತ ತಿರುಗಿಸುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ, ಹಾಗೆ ಪೂರ್ತಿ ಎದುರಾಗಿ ನಿಂತು ಮಾತಾಡುವುದು ನನಗೆ ಗದರಿದಂತೆ ಕಾಣುತ್ತಿತ್ತು.

ನಾನು ಪಣಕಹಳ್ಳಿಗೆ ಬಂದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ. ತವರು ಚಾಮರಾಜನಗರದ ಸಿಮೆಂಟು ಓಣಿ. ಕಪ್ಪೆಯೆಂದರೆ ಎಳವೆಯಿಂದಲೂ ನನಗೆ ವಿಪರೀತ ಭಯ. ಅದನ್ನು ಯಾರಿಗೂ ಹೇಳಿರಲಿಲ್ಲ, ಗಂಡಿನ ಕಡೆಯವರು ಕೇಳಿಯೂ ಇರಲಿಲ್ಲ. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಚೊಂಬಿಗೆ ಕೈಹಾಕಿದೆ. ಹಂಡೆಯ ಅಂಚಿನಲ್ಲಿ ಸುಣ್ಣದ ಗೋಡೆಯದೇ ಬಣ್ಣದಲ್ಲಿ ಕೂತಿದ್ದ ಮರಗಪ್ಪೆಯೊಂದು ಹಾರಿ ನನ್ನ ತೋಳಿಗೆ ಅಂಟಿಕೊಂಡಿತು. ನಾನು ಕಿರುಚಿದ ರಭಸಕ್ಕೆ ಅಕ್ಕಪಕ್ಕದವರೆಲ್ಲ ಬಂದರು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು, ಭಾವ ನಕ್ಕರು, ಪಕ್ಕದ ಮನೆಯ ಅಜ್ಜಿಯೂ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಒಂದು ಸೀರೆ ತಂದು ನನಗೆ ಸುತ್ತಿ ಒಳಗೆ ಕಳಿಸಿದರು.

ಅಂದಿನಿಂದ ನಾನು ಸ್ನಾನಕ್ಕೆ ಹೋಗುವ ಮುಂಚೆ ಅವರು ಮೊರ, ಪೊರಕೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಗೋಡೆಯ ಮರಗಪ್ಪೆಗಳನ್ನೂ ಒಗೆಯುವ ಕಲ್ಲಿನಡಿಯ ನೆಲಗಪ್ಪೆಗಳನ್ನೂ ಮೊರಕ್ಕೆ ತಳ್ಳಿಕೊಂಡು ಹಿತ್ತಿಲ ಬೀನ್ಸ್ ಪಾತಿಗೆ ಬಿಟ್ಟು ಬರುತ್ತಿದ್ದರು. ಆಮೇಲೆ ಒಂದು ಕೂಗು: “ಬಾ ಮಗ, ನಿನ್ ನೆಂಟ್ರು ಒಂಟೋದ್ರು.” ಸಂಜೆಯ ಹೊತ್ತಿಗೆ ನೆಂಟರು ವಾಪಸಾಗಿರುತ್ತಿದ್ದರು. ಬೆಳಿಗ್ಗೆ ಮತ್ತೆ ಮೊರ.

ಅವರಿಗೆ ಸಿಟ್ಟು ಬರುತ್ತಿರಲಿಲ್ಲವೆಂದಲ್ಲ. ನಮ್ಮೂರಿನಂತೆ ತಮಿಳುನಾಡಿಗೇ ಸೇರಿದ ತಾಳವಾಡಿಯ ಸಂತೆಯಲ್ಲಿ ತರಕಾರಿ ಮಂಡಿಯವರ ಮೇಲೆ ಅವರು ಬಿಡುತ್ತಿದ್ದ ತಮಿಳು ಕೇಳಿದರೆ ಪಕ್ಕದ ಅಂಗಡಿಯವರೂ ತಕ್ಕಡಿ ಸರಿಮಾಡಿಕೊಳ್ಳುತ್ತಿದ್ದರು. ಅವರು ಬೈಯುತ್ತಿದ್ದುದೆಲ್ಲ ತಮಿಳಿನಲ್ಲೇ. ಮನೆಯ ಕನ್ನಡದಲ್ಲಿ ಒಂದು ಬಿರುಸು ಮಾತೂ ನನ್ನ ಕಿವಿಗೆ ಬಿದ್ದಿಲ್ಲ. ಹೇಳದೆ ಕೇಳದೆ ನೆಂಟರು ಬಂದಾಗ, ದಾರಿ ತಪ್ಪಿದ ಕುರಿ ಹಟ್ಟಿಗೆ ಬಂದಾಗ ಒಂದೇ ಮಾತು ಹೇಳುತ್ತಿದ್ದರು: “ಇದ್ದೋರು ಇರ್ಲಿ, ಬಂದೋರು ಬರ್ಲಿ.”

ಬಚ್ಚಲ ಪಾಡು ಹೇಗೋ ಸಾಗಿತು. ಹಿತ್ತಿಲಾಚೆಯ ಕುಂಟೆಯದು ಸಾಗಲಿಲ್ಲ. ಬೇಸಿಗೆಯಲ್ಲಿ ಬರೀ ಬಿರುಕು ಬಿಟ್ಟ ಮಣ್ಣಾಗಿದ್ದ ಆ ಹೊಂಡ ಜೋರು ಮಳೆಗೆ ತುಂಬಿದ್ದೇ ತಡ, ಎಲ್ಲಿದ್ದವೋ, ಕಪ್ಪೆಗಳು ನೆಲದಿಂದ ಎದ್ದು ಬಂದವು. ಆ ಗದ್ದಲಕ್ಕೆ ನನಗೆ ನಿದ್ದೆಯಿಲ್ಲ, ಅನ್ನ ಸೇರುತ್ತಿಲ್ಲ. ಅಮ್ಮನನ್ನು ನೋಡಿ ಬರುತ್ತೇನೆಂದು ತವರಿಗೆ ಹೋದವಳು ಒಂದಲ್ಲ ಒಂದು ನೆಪ ಹೇಳಿ ಅಲ್ಲೇ ಉಳಿದೆ. ವಾಪಸು ಹೋಗಲಾರೆನೇನೋ ಎಂದು ನನಗೇ ದಿಗಿಲಾಗಿತ್ತು.

ಒಂದು ದಿನ ಅತ್ತೆ ಚೀಲದ ತುಂಬ ಬೀನ್ಸ್ ಹೊತ್ತು ಒಬ್ಬರೇ ಬಸ್ಸಿನಲ್ಲಿ ಬಂದರು. ದೂರು ತಂದಿದ್ದಾರೆಂದು ಅಮ್ಮ ಹೆದರಿದಳು. ಅವರು ಊಟ ಮಾಡಿ, ಸಾರು ಚೆನ್ನಾಗಿದೆಯೆಂದು ಹೊಗಳಿ, ಹೊಲದಲ್ಲಿ ಕಳೆ ಕೀಳಲು ಆಳು ಸಾಲದು, ಸೊಸೆಯನ್ನು ಕರೆದುಕೊಂಡು ಹೋಗಲೇ ಎಂದು ಕೇಳಿದರು. ಬೇರೇನೂ ಹೇಳಲಿಲ್ಲ.

ಬಸ್ಸಿನಲ್ಲಿ ಪಕ್ಕದಲ್ಲಿದ್ದ ನನ್ನ ಕಡೆ ತಿರುಗಲಾಗದೆ, ಮುಂದಿನ ಸೀಟನ್ನೇ ನೋಡುತ್ತ ಮಾತು ತೆಗೆದರು. ನನ್ನ ಗಂಡ, ಭಾವ ಸೇರಿ ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಸಿ ಕುಂಟೆ ಮುಚ್ಚಲು ಮಾತಾಡಿಕೊಂಡಿದ್ದರಂತೆ. ನನಗೂ ನೆಮ್ಮದಿ, ಜೋಳದ ತೆನೆ ಹಾಕಲು ಜಾಗವೂ ಆಗುತ್ತದೆ ಎಂದು.

“ಮುಚ್ಚೋದಾದ್ರೆ ಮುಚ್ಲಿ, ನನ್ ಎಸ್ರೇಳಿ ಮುಚ್ಲಿ,” ಎಂದರು ಅತ್ತೆ. “ನಿನ್ ಎಸ್ರು ಬ್ಯಾಡ. ಸೊಸೆ ಬಂದು ನೀರ್ ಮುಚ್ಸುದ್ಲು ಅಂತ ನಾಳೆ ಊರೋರು ಅಂತಾರೆ. ಆ ಮಾತು ನಿನ್ ಮಕ್ಳ ಕಾಲ್ಕೂ ಓಗಲ್ಲ.”

ನಾನು ಅಳತೊಡಗಿದೆ. ನಿಮಗಾದರೆ ಭಯವಿಲ್ಲ, ನನ್ನ ಪಾಡು ನಿಮಗೆ ಹೇಗೆ ಗೊತ್ತಾಗಬೇಕು ಎಂದೆ.

“ನನ್ಗೂ ಆಗಲ್ಲ ಕಣ್ ಮಗ. ಆ ಜಾರೋ ಮೈ ನೋಡುದ್ರೆ ಈಗ್ಲೂ ಜುಮ್ ಅಂತದೆ. ಅದ್ಕೇ ಮೊರ ಇಡ್ಕೊಂಡೋಗೋದು.”

ಮತ್ತೆ ದಿನಾ ಯಾಕೆ ಹೋಗುತ್ತಿದ್ದಿರಿ ಎಂದು ಕೇಳಿದೆ.

“ನೀ ಕೂಗ್ಕೊಂಡ್ರೆ, ಇನ್ನೊಬ್ರು ಕೂಗ್ಕೊಳ್ದೆ ಇರ್ಬೇಕಲ್ಲ.”

ಊರಲ್ಲಿ ಇಳಿಯುವಾಗ ನಾನೇ ಅವರ ಚೀಲ ಎತ್ತಿಕೊಂಡೆ.

ಎರಡು ದಿನ ಬಿಟ್ಟು ಮತ್ತೆ ಮಳೆ ಹೊಡೆಯಿತು. ಹೊತ್ತು ಮುಳುಗುವ ಮುಂಚೆ ಕುಂಟೆ ನೋಡಿ ಬರೋಣವೆಂದು ಕರೆದರು. ನಾನು ಅವರ ಸೆರಗು ಹಿಡಿದಿದ್ದೆ, ಅವರು ನನ್ನ ಮುಂಗೈ ಹಿಡಿದಿದ್ದರು. ಯಾರಿಗೆ ಯಾರು ಧೈರ್ಯವೋ. ಬೇಲಿಯ ಈಚೆಯೇ ನಿಂತೆವು. ಕೆಂಪು ನೀರಿನ ತುಂಬ ದಪ್ಪ ಕಪ್ಪೆಗಳು, ಅಪ್ಪಟ ಹಳದಿ. ಕತ್ತಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಒಂದನ್ನೊಂದು ಮೀರಿಸುವಂತೆ ಕೂಗುತ್ತಿದ್ದವು. ಕೂಗುತ್ತಿದ್ದ ಗಂಡುಗಳಿಗೆ ಮಾತ್ರ ಆ ಬಣ್ಣ. ಇಷ್ಟು ದಿನ ಕಿವಿ ಮುಚ್ಚಿಕೊಂಡಿದ್ದವಳು ಒಮ್ಮೆಯೂ ಕಣ್ಣು ಬಿಟ್ಟು ನೋಡಿರಲಿಲ್ಲ.

“ಅರಿಸ್ಣ ಬಳ್ಕೊಂಡವೆ ನೋಡು, ಮದ್ಲಿಂಗ್ರು,” ಎಂದರು ಅತ್ತೆ. “ನಿನ್ ಗಂಡ ಮದ್ವೇಲಿ ಅಸೆ ಮೇಲೆ ಕೂತಿದ್ನಲ್ಲ, ಅಂಗೇ ಇಲ್ವಾ?”

ನಗು ತಡೆಯಲಾಗಲಿಲ್ಲ. ನಾವು ಬೇಲಿ ಹಿಡಿದುಕೊಂಡು ನಗುವುದನ್ನು ನೋಡಿ ಏನಾಯಿತೆಂದು ಗಂಡ ಓಡಿ ಬಂದರು. ಹೇಳಲಿಲ್ಲ. ಆ ರಾತ್ರಿ ಊಟಕ್ಕೆ ಬಡಿಸುವಾಗ ಕುಂಟೆ ಮುಚ್ಚುವುದು ಬೇಡವೆಂದೆ. ನಿನಗಾಗಿ ಅಲ್ಲವೇ ಎಂದು ಗಂಡ ಮುಖ ಸಣ್ಣದು ಮಾಡಿಕೊಂಡರು. ಜೋಳದ ತೆನೆಗೆ ಮನೆಯ ಮುಂದಿನ ಜಾಗ ನಿಗದಿಯಾಯಿತು. ಆ ಮಳೆಗಾಲ ನಾನು ಇನ್ನೂ ಒಂದೆರಡು ಸಲ ಕಿರುಚಿದೆ, ಆದರೆ ತವರಿಗೆ ಓಡಲಿಲ್ಲ.

ಆಮೇಲಿನ ಕೆಲವು ವರ್ಷ ಆ ಮನೆಯಲ್ಲಿ ನಾವಿಬ್ಬರೂ ಚೆನ್ನಾಗಿದ್ದೆವು. ನನಗೆ ಸಂತೆಯ ತಮಿಳು ಕಲಿಸಿದರು, ಬೈಗುಳವೇ ಮೊದಲು. ಬಾಣಂತನಕ್ಕೆ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಂಡು ಇಬ್ಬರೂ ಪೈಪೋಟಿಯಲ್ಲಿ ನನ್ನನ್ನು ನೋಡಿಕೊಂಡರು. ಮಗಳು ನಡೆಯಲು ಕಲಿತ ವರ್ಷ, ಒಂದು ಮಧ್ಯಾಹ್ನ ಊಟ ಮುಗಿಸಿ ಜಗುಲಿಯಲ್ಲಿ ಮಲಗಿದ ಅತ್ತೆ ಏಳಲಿಲ್ಲ. ನೋವು, ನರಳಿಕೆ ಏನೂ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಮ್ಮ ಕೆಲವು ದಿನ ತವರಿಗೆ ಬಾ ಎಂದಳು. ಹೋಗಬೇಕೆನಿಸಲಿಲ್ಲ.

ಮುಂದಿನ ಮಳೆಗಾಲಕ್ಕೆ ಮಗಳಿಗೆ ಗುಡುಗಿನ ಭಯ ಹಿಡಿಯಿತು. ಮೋಡ ಗುಡುಗಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ನನ್ನ ಸೀರೆಯೊಳಗೆ ಮುಖ ಹುದುಗಿಸುತ್ತಿದ್ದಳು. ಅವಳ ಅಪ್ಪ ನಗಲು ಬಾಯಿ ತೆರೆದರೆ ನಾನು ಕಣ್ಣಲ್ಲೇ ತಡೆಯುತ್ತಿದ್ದೆ. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಗುಡುಗು ಘಟ್ಟದ ಆಚೆ ದಾಟುವವರೆಗೆ ಸುಮ್ಮನೆ ಕೂತಿರುತ್ತಿದ್ದೆ.