ಚರಗದ ಬುಟ್ಟಿ

ಇರಾಕಿಗೂ ಸಂಶಿ ಹತ್ತಿರದ ನಮ್ಮ ಹೊಲಕ್ಕೂ ಏನು ಸಂಬಂಧ ಅಂತ ಕೇಳಿದರೆ, ನನ್ನ ಗಂಡ. ಮದುವೆಯಾದ ಎರಡನೆಯ ವರ್ಷವೇ ಗೌಂಡಿ ಕೆಲಸಕ್ಕೆಂದು ಅಲ್ಲಿಗೆ ಹೋದರು. ಅಲ್ಲಿ ಇರಾನಿನ ಜೊತೆ ಯುದ್ಧ ನಡೆಯುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ‘ಯುದ್ಧ ಗಡಿಯಾಗ ಐತಿ, ನಾವು ಕಟ್ಟೂದು ಊರಾಗ’ ಅಂದರು. ಗಡಿ ಅನ್ನುವುದು ಹೊಲದ ಬದುವಿನ ಹಾಗೆ ಇದ್ದಲ್ಲೇ ಇರುತ್ತದೆ ಅಂತ ನಾನೂ ನಂಬಿದೆ.

ಅವರು ಹೋದ ವರ್ಷದ ಚಳಿಗಾಲ ರೇಡಿಯೋದಲ್ಲಿ ದಿನಾ ಬಸ್ರಾದ ಹೆಸರು ಬರತೊಡಗಿತು. ಅವರಿದ್ದ ಊರು ಅದೇ. ದಸರೆಯ ನಂತರ ಅವರದೊಂದು ಸುದ್ದಿಯೂ ಇರಲಿಲ್ಲ. ಎದುರುಮನೆ ಕಾಕಾ ಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು ಕಾಬೂಲು, ಬೈರೂತು, ಲಂಕಾ ಎಲ್ಲದರ ಪಂಚಾಯ್ತಿ ಮಾಡುತ್ತಿದ್ದ. ‘ಈ ಸಲ ಇರಾನ್ ಬಿಡೂದಿಲ್ಲ ನೋಡು’ ಅನ್ನುತ್ತಿದ್ದ, ಕುಸ್ತಿ ನೋಡಿ ಬಂದವನ ಹಾಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಮೈ ಉರಿಯುತ್ತಿತ್ತು. ಆದರೂ ಬಸ್ರಾ ಅಂದದ್ದು ಕೇಳಿಸಿದರೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮನೆ ತುಂಬ ಮಂದಿಯಿದ್ದರೂ ನಾನು ಒಬ್ಬಳೇ ಆಗಿಬಿಟ್ಟಿದ್ದೆ.

ಎಳ್ಳಮಾವಾಸ್ಯೆ ಬಂತು. ಆ ದಿನ ಹೊಲದಲ್ಲಿ ಚರಗ ಚೆಲ್ಲಬೇಕು. ಯಜಮಾನ ಅಡುಗೆಯ ಬುಟ್ಟಿ ಹಿಡಿದು ‘ಹುಲ್ಲುಲ್ಲಿಗೋ’ ಎಂದು ಕೂಗಿ ಭೂಮಿತಾಯಿಗೆ ತುತ್ತು ಎರಚುತ್ತ ಮುಂದೆ ಹೋಗುತ್ತಾನೆ. ಹೆಂಡತಿ ‘ಚಲ್ಲಂಬ್ರಿಗೋ’ ಎನ್ನುತ್ತ, ನೀರು ಚಿಮುಕಿಸುತ್ತ ಹಿಂದೆ ನಡೆಯುತ್ತಾಳೆ. ಮಾವ ತೀರಿಕೊಂಡ ಮೇಲೆ ಬುಟ್ಟಿ ಹಿರಿಮಗನಾದ ನಮ್ಮ ಮನೆಯವರ ಕೈಗೆ ಬಂದಿತ್ತು. ಈಗ ಅತ್ತೆ ಅದನ್ನು ಮೈದುನನಿಗೆ ಕೊಡಲು ಹೋದರು.

‘ಅವರು ಸತ್ತಾರೇನ್ರಿ, ಅತ್ತಿ?’ ಅಂದೆ.

‘ಬಿಡ್ತು ಅನ್ನ, ತಂಗಿ! ಹೊಲ ಉಪವಾಸ ಇಡಬಾರದಲ್ಲ?’

‘ಉಪವಾಸ ಯಾಕ ಇಡೂಣ್ರಿ? ನಾ ಚೆಲ್ಲತೇನಿ.’

ಬುಟ್ಟಿ ಕಸಿದುಕೊಂಡೆ. ನಾಲ್ಕು ಹೆಜ್ಜೆ ಚೆಲ್ಲುವುದು, ಬುಟ್ಟಿ ಇಳಿಸಿ ಹಿಂದಕ್ಕೆ ಬಂದು ತಂಬಿಗೆ ನೀರು ಚಿಮುಕಿಸುವುದು. ನಾನೇ ಕೂಗಿದೆ, ನಾನೇ ಓಗೊಟ್ಟೆ. ಸುತ್ತಲಿನ ಹೊಲಗಳಲ್ಲೆಲ್ಲ ಎರಡೆರಡು ದನಿ. ಜೋಳ ಆಳೆತ್ತರ ಇತ್ತು, ಅತ್ತದ್ದು ಯಾರಿಗೂ ಕಾಣಲಿಲ್ಲ.

ಮುಂಗಾರಿಗೆ ಅವರು ಬಂದರು. ಕೈಕಾಲು ಎಲ್ಲ ನೆಟ್ಟಗಿದ್ದವು. ಮಾತು ಮಾತ್ರ ಕಡಿಮೆಯಾಗಿತ್ತು, ದಣಿವು ಇರಬೇಕು ಅಂದುಕೊಂಡೆ. ನನ್ನ ಹಟವೇ ಅವರನ್ನು ಕರೆತಂದಿತು ಅಂತ ಅತ್ತೆ ಕಂಡಕಂಡವರಿಗೆ ಹೇಳಿದರು. ನಾನೂ ಬೀಗಿದ್ದೇ ಬೀಗಿದ್ದು.

ಮರುವರ್ಷದ ಎಳ್ಳಮಾವಾಸ್ಯೆಗೆ ಬುಟ್ಟಿಯನ್ನು ಅವರ ಕೈಗಿಟ್ಟು, ತಂಬಿಗೆ ಹಿಡಿದು ಹಿಂದೆ ನಿಂತೆ. ಬಾಜೂ ಹೊಲದಿಂದ ಯಾರೋ ಗಂಟಲು ಹರಿಯುವಂತೆ ‘ಹುಲ್ಲುಲ್ಲಿಗೋ’ ಅಂದರು. ನಮ್ಮ ಮನೆಯವರು ಬುಟ್ಟಿ ಕೈಬಿಟ್ಟು, ಎರಡೂ ಕಿವಿ ಮುಚ್ಚಿಕೊಂಡು ಜೋಳದ ಬುಡದಲ್ಲಿ ಮುದುಡಿ ಕೂತರು.

‘ಏನಾತ್ರಿ?’

‘ಸುಮ್ನಿರಾಕ ಹೇಳ ಅವರಿಗೆ. ಅಲ್ಲಿ ಸೈರನ್ ಹಿಂಗ ಕೂಗಿದ ಮ್ಯಾಲನ ಬಾಂಬ್ ಬೀಳತೈತಿ.’

ಬಹಳ ಹೊತ್ತು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಆಮೇಲೆ ತಂಬಿಗೆಯನ್ನು ಅವರ ಕೈಗೆ ಕೊಟ್ಟು, ‘ನೀವು ನೀರು ಹಾಕ್ಕೋತ ಬರ್ರಿ’ ಅಂದೆ. ಬುಟ್ಟಿಯಲ್ಲಿ ಉಳಿದದ್ದನ್ನು ಎತ್ತಿಕೊಂಡು ಮುಂದೆ ನಡೆದೆ. ಆ ವರ್ಷ ಕೂಗಲಿಲ್ಲ. ಹಿಂದೆ ನೀರು ಚಿಮುಕಿಸುವ ಸದ್ದಿಗೆ ಕಾಯುತ್ತ ಹೊಲದ ಕೊನೆಯವರೆಗೂ ಹೋದೆ.