ಮಸಿಯ ಪಾಲಿನ ಉಣ್ಣೆ

ಬೆಳಗಿನ ಮಂಜು ಇನ್ನೂ ಕಾಫಿ ಗಿಡಗಳ ಮೇಲಿಂದ ಎದ್ದಿಲ್ಲ. ವಸ್ತಾರೆಯಿಂದ ಆಲ್ದೂರಿಗೆ ಹೋಗುವ ಮೊದಲ ಬಸ್ಸು ತಿರುವಿನಲ್ಲಿ ಹಾರನ್ ಹೊಡೆದು ದಾಟುವ ಹೊತ್ತಿಗೆ ರುದ್ರಾಣಿ ಅಂಗಳಕ್ಕೆ ಗೋಣಿತಾಟು ಹಾಸಿ, ಕತ್ತರಿಯನ್ನು ಕಲ್ಲಿಗೆ ಮಸೆಯುತ್ತಿದ್ದಾರೆ. ದೀಪಾವಳಿ ಕಳೆದಿದೆ, ಮಳೆ ಹೊರಟುಹೋಗಿದೆ, ಇವತ್ತು ಉಣ್ಣೆ ಕತ್ತರಿಸುವ ದಿನ. ದೊಡ್ಡಿಯ ಹದಿನಾಲ್ಕು ಕುರಿಗಳಲ್ಲಿ ಹದಿಮೂರಕ್ಕೆ ಕತ್ತರಿಯ ಸದ್ದೆಂದರೆ ಲೆಕ್ಕಕ್ಕೇ ಇಲ್ಲ. ಉಳಿದದ್ದು ಅಪ್ಪಟ ಕಪ್ಪು ಬಣ್ಣದ ಹೆಣ್ಣು ಕುರಿ, ಹೆಸರು ಮಸಿ. ಅದು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದೆ.

"ಅದಕ್ಕೆ ನನ್ನ ಮೇಲೆ ಸಿಟ್ಟು. ಸಿಟ್ಟು ಬರೋ ಹಂಗೇ ನಾನು ಮಾಡಿದ್ದು" ಎನ್ನುತ್ತಾರೆ ರುದ್ರಾಣಿ, ಕತ್ತರಿಯಿಂದ ಕಣ್ಣೆತ್ತದೆ. ಹೋದ ವರ್ಷದ ಆಷಾಢದಿಂದ ಈಚೆಗೆ ಮಸಿ ಅವರ ಕೈಗೆ ಮೈ ಕೊಟ್ಟಿಲ್ಲ. ಎರಡು ಸಲ ಕತ್ತರಿಸುವ ಕಾಲ ಬಂತು, ಹೋಯಿತು. ಹಿಡಿದು ಕೆಡವಿ ಕಟ್ಟಿಹಾಕಿದರೆ ಕೆಲಸ ಮುಗಿಯುತ್ತದೆ, ಅದಕ್ಕೆ ಅವರ ಮನಸ್ಸು ಒಪ್ಪುವುದಿಲ್ಲ. ಇವತ್ತಾದರೂ ಅದು ತಾನಾಗಿ ಬಂದೀತೆ ಎಂಬುದೊಂದೇ ಅವರ ಚಿಂತೆ.

ರುದ್ರಾಣಿಯವರ ತವರು ಕಡೂರು ಕಡೆಯ ಬಯಲು. ಮದುವೆಯಾಗಿ ಬರುವಾಗ ಎರಡು ಕುರಿಗಳನ್ನು ಬಳುವಳಿಯಾಗಿ ಹೊಡೆದುಕೊಂಡು ಬಂದರು. ಎಸ್ಟೇಟಿನ ಆಳುಗಳ ಲೈನ್‌ಮನೆಗಳ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಈ ಮಳೆಗೆ ಮನುಷ್ಯರೇ ಬೂಸ್ಟು ಹಿಡಿಯುತ್ತಾರೆ, ಕುರಿ ಬದುಕುತ್ತದೆಯೇ ಎಂದು ಅವರ ತಮಾಷೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಮೊದಲ ಮಳೆಗಾಲಕ್ಕೇ ಗೊರಸು ಕೊಳೆತು ಒಂದು ಸತ್ತಿತು. ಆಮೇಲೆ ಗಂಡ ಲಿಂಗಪ್ಪನ ಬೆನ್ನು ಬಿದ್ದು, ಕುರಿಗಳ ಕಾಲು ಕೆಸರಿಗೆ ತಾಗದಂತೆ ನೆಲದಿಂದ ಮೊಣಕಾಲೆತ್ತರಕ್ಕೆ ಬಿದಿರಿನ ಅಟ್ಟ ಹಾಕಿಸಿದರು. ಲಿಂಗಪ್ಪ ತೋಟದಲ್ಲಿ ಮರಗಸಿ ಮಾಡುವವರು, ನೆರಳಿನ ಮರ ಹತ್ತಿ ಕೊಂಬೆ ಕಡಿದು ಕಾಫಿಗೆ ಬೆಳಕು ಬಿಡುವುದು ಅವರ ಕೆಲಸ. ಮಾತು ಕಡಿಮೆ, ಹೆಂಡತಿಯ ಮಾತು ಮೀರುವುದು ಇನ್ನೂ ಕಡಿಮೆ. ಇವತ್ತಿಗೂ ಮಳೆಗಾಲದ ಸಂಜೆ ಇಬ್ಬರೂ ಕೂತು ಒಂದೊಂದೇ ಕುರಿಯ ಕಾಲೆತ್ತಿ, ಗೊರಸು ಒರೆಸಿ, ದೊಡ್ಡಿಗೆ ಹೊಗೆ ಹಾಕಿಯೇ ಊಟಕ್ಕೆ ಏಳುತ್ತಾರೆ.

ಮೊದಮೊದಲು ಉಣ್ಣೆಯೆಲ್ಲ ಕಂಬಳಿಗೆ ಹೋಗುತ್ತಿತ್ತು. ತೊಂಬತ್ತರ ದಶಕ ಮುಗಿಯುವುದರೊಳಗೆ ತೋಟದಾಳುಗಳ ತಲೆಯ ಮೇಲಿನ ಕಂಬಳಿಕೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಉಣ್ಣೆ ಮೂಟೆ ಮನೆಯ ಅಟ್ಟದಲ್ಲೇ ಉಳಿಯಿತು. ಒಂದು ದಿನ ಗಂಡನ ಕಂಬಳಿಯನ್ನು ಬಿಸಿನೀರಿಗೆ ಸಾಬೂನು ಹಾಕಿ ತಿಕ್ಕಿದಾಗ, ಅದಕ್ಕೆ ಅಂಟಿದ್ದ ಬಿಳಿ ಉಣ್ಣೆಯ ಎಳೆ ಎಷ್ಟು ಕಿತ್ತರೂ ಬರಲಿಲ್ಲ. ಬೇರೆಯವರಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದರು. ಇವರು ಇನ್ನಷ್ಟು ಉಣ್ಣೆ ತಂದು ಅಂಟಿಸಿ, ತಿಕ್ಕಿ ಕಂಬಳಿಯ ಮೇಲೊಂದು ಕುರಿಮರಿಯ ಚಿತ್ರ ಮಾಡಿಬಿಟ್ಟರು. ಪಾಪ, ಲಿಂಗಪ್ಪ ಆ ಮಳೆಗಾಲವೆಲ್ಲ ಬೆನ್ನ ಮೇಲೆ ಕುರಿಮರಿ ಹೊತ್ತೇ ತೋಟಕ್ಕೆ ಹೋದರು.

ಈಗ ಅದೇ ರುದ್ರಾಣಿಯವರ ಕಲೆ. ಹಿಂಜಿದ ಉಣ್ಣೆಯನ್ನು ಗೋಣಿತಾಟಿನ ಮೇಲೆ ಪದರ ಪದರವಾಗಿ ಹರಡಿ, ಬಿಸಿ ಸಾಬೂನು ನೀರು ಚಿಮುಕಿಸಿ, ಸುತ್ತಿ, ಮೊಣಕೈ ಊರಿ ಉರುಳಿಸುತ್ತಾರೆ. ಬಿಚ್ಚಿದಾಗ ಅದರಲ್ಲಿ ಗುಡ್ಡವಿರುತ್ತದೆ, ಮಂಜಿರುತ್ತದೆ, ಕಾಫಿ ಕಣದಲ್ಲಿ ತಿರುಳು ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಬೀಜ ಹರಡುವ ಹೆಂಗಸರಿರುತ್ತಾರೆ. ಬಣ್ಣ ಹಾಕುವುದಿಲ್ಲ. ಬಿಳಿ, ಬೂದಿ, ಕಂದು, ಕಪ್ಪು, ಕುರಿ ಕೊಟ್ಟದ್ದಷ್ಟೇ. "ಹಸಿರು ಯಾಕಿಲ್ಲ ಅಂತ ಕೇಳ್ತಾರೆ. ಹಸಿರು ಕುರಿ ತಂದ್ಕೊಡಿ, ಸಾಕ್ತೀನಿ ಅಂತೀನಿ."

ಕತ್ತರಿಸುವಾಗ ಅವರ ತವರಿನವರು ಪಾಲಿಸುವ ಪದ್ಧತಿಯೊಂದಿದೆ. ಹೆಗಲ ಮೇಲೆ ಅಂಗೈಯಗಲ ಉಣ್ಣೆಯನ್ನು ಮುಟ್ಟದೆ ಬಿಡಬೇಕು. ಅದು ಕುರಿಯ ಪಾಲು. ಎಲ್ಲವನ್ನೂ ಬೋಳಿಸಿದರೆ ಕುರಿ ನಮ್ಮನ್ನು ನಂಬುವುದಿಲ್ಲ ಎಂದು ಅವರ ಅಜ್ಜಿ ಹೇಳಿಕೊಟ್ಟಿದ್ದರಂತೆ.

ಹೋದ ವರ್ಷ ರುದ್ರಾಣಿ ತಪ್ಪಿದ್ದು ಅಲ್ಲೇ. ಮೇಲಿನ ಎಸ್ಟೇಟಿನ ಸೊಸೆ ನಿಖಿತಾ ಹೋಂಸ್ಟೇ ಶುರು ಮಾಡುವವರಿದ್ದರು. ಹಜಾರದ ಗೋಡೆಗೆ ದೊಡ್ಡದೊಂದು ಚಿತ್ರ ಬೇಕು, ಶ್ರಾವಣದೊಳಗೆ ಆಗಬೇಕು ಎಂದಿದ್ದರು. ಅಷ್ಟು ದೊಡ್ಡದನ್ನು ರುದ್ರಾಣಿ ಎಂದೂ ಮಾಡಿರಲಿಲ್ಲ. ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗುಡ್ಡ ಹತ್ತುವ ಆಳುಗಳ ಸಾಲನ್ನು ಬಿಡಿಸತೊಡಗಿದರು. ಕೊನೆಯ ಕೊಪ್ಪೆಗಳಿಗೆ ಬಂದಾಗ ಕಪ್ಪು ಮುಗಿಯಿತು. ಕಪ್ಪು ಕೊಡುವುದು ಮಸಿಯೊಂದೇ. ಹೊರಗೆ ಆಷಾಢದ ಮಳೆ ಹಿಡಿದು ಹೊಡೆಯುತ್ತಿದ್ದರೂ, ಚೈತ್ರದಲ್ಲಿ ಕತ್ತರಿಸಿದ ಮೇಲೆ ಬೆಳೆದಿದ್ದ ಅದರ ಗಿಡ್ಡ ಉಣ್ಣೆಯನ್ನು ಮತ್ತೆ ಕತ್ತರಿಸಿದರು. ಅದೂ ಸಾಲದೆ ಬಂದಾಗ ಕೈ ಹೆಗಲಿಗೆ ಹೋಯಿತು. "ಚಿತ್ರ ಚೆಂದ ಬರ್ತಿತ್ತು ನೋಡಿ, ನಂಗೆ ಬೇರೆ ಏನೂ ಕಾಣ್ಲಿಲ್ಲ" ಎನ್ನುವಾಗ ಅವರ ದನಿ ಇಳಿಯುತ್ತದೆ.

ಎರಡು ದಿನಕ್ಕೆ ಚಿತ್ರ ಮುಗಿಯಿತು, ಮೂರನೆಯ ದಿನ ಮಸಿ ಏಳಲಿಲ್ಲ. ಮೈ ಗಡಗಡ ನಡುಗುತ್ತಿತ್ತು. ಕೆಂಡ ಇಟ್ಟರು, ಮೆಣಸಿನ ಕಷಾಯ ಕುಡಿಸಿದರು, ಹಳೇ ಸೀರೆ ಸುತ್ತಿದರು, ನಡುಕ ನಿಲ್ಲಲಿಲ್ಲ. ರುದ್ರಾಣಿ ಒಳಗೆ ಹೋಗಿ ಒಲೆಯ ಬಿಸಿಗೆ ಒಣಗಿಸಿದ್ದ ಆ ಚಿತ್ರವನ್ನು ಎಳೆದು ತಂದರು. ಗುಡ್ಡ ಹತ್ತುವ ಆಳುಗಳ ನಟ್ಟನಡುವೆ ಕತ್ತರಿ ಹಾಕಿ, ಸೀಳಿ, ಮಸಿಯ ಕುತ್ತಿಗೆಗೆ ತೂರಿಸಿ ಹೊದಿಸಿದರು. ಲಿಂಗಪ್ಪ ಬಂದು ಇನ್ನೊಂದು ತುದಿ ಹಿಡಿದುಕೊಂಡರು.

ಚಿತ್ರ ಒಯ್ಯಲು ನಿಖಿತಾ ಜೀಪಿನಲ್ಲಿ ಬಂದಾಗ ಅದು ಕುರಿಯ ಮೈಮೇಲಿತ್ತು. ರುದ್ರಾಣಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ನಿಖಿತಾ ಕುರಿಯ ಕಡೆ ನೋಡಿ, ಗೋಡೆ ಖಾಲಿಯೇ ಇರಲಿ, ಆದಾಗ ಮಾಡಿಕೊಡಿ ಎಂದು ಹೊರಟುಹೋದರಂತೆ. ಗೋಡೆ ಇನ್ನೂ ಖಾಲಿಯಿದೆ. ಕಪ್ಪಿಲ್ಲದೆ ಆ ಚಿತ್ರ ಆಗುವುದಿಲ್ಲ, ಮಸಿ ಒಪ್ಪದೆ ಕಪ್ಪು ಸಿಗುವುದಿಲ್ಲ.

ಬಿಸಿಲು ಅಂಗಳಕ್ಕೆ ಇಳಿದಿದೆ. ಹದಿಮೂರೂ ಕುರಿಗಳು ಮೈ ಹಗುರ ಮಾಡಿಕೊಂಡು ಮೇಯಲು ಹೋಗಿವೆ. ರುದ್ರಾಣಿ ಕತ್ತರಿಯನ್ನು ಸೆರಗಿನ ಕೆಳಗಿಟ್ಟು, ದೊಡ್ಡಿಯ ಗೂಟಕ್ಕೆ ನೇತುಹಾಕಿದ್ದ ಆ ಸೀಳಿದ ಚಿತ್ರವನ್ನು ತಂದು ಗೋಣಿತಾಟಿನ ಮೇಲೆ ಹಾಸುತ್ತಾರೆ. ಕರೆಯುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ಲಿಂಗಪ್ಪ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಬಹಳ ಹೊತ್ತಿನ ಮೇಲೆ ಮಸಿ ಮೂಲೆ ಬಿಟ್ಟು ಬರುತ್ತದೆ. ಚಿತ್ರವನ್ನು ಮೂಸುತ್ತದೆ, ಇನ್ನೊಮ್ಮೆ ಮೂಸುತ್ತದೆ, ಆಮೇಲೆ ಅದರ ಮೇಲೆ ಕಾಲು ಮಡಚಿ ಮಲಗುತ್ತದೆ. ರುದ್ರಾಣಿ ಕಣ್ಣೊರೆಸಿಕೊಂಡು ಕತ್ತರಿ ಎತ್ತಿಕೊಳ್ಳುತ್ತಾರೆ.

ಹೊಟ್ಟೆ, ಬೆನ್ನು, ತೊಡೆ ಮುಗಿದು ಕತ್ತರಿ ಹೆಗಲಿನ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ಅವರು ಎರಡು ಅಂಗೈಯನ್ನು ಅಕ್ಕಪಕ್ಕ ಇಟ್ಟು, ಅಷ್ಟಗಲ ಉಣ್ಣೆ ಬಿಡುತ್ತಾರೆ. ಇಷ್ಟೊಂದು ಯಾಕೆ ಬಿಟ್ಟೆ, ಚಿತ್ರಕ್ಕೆ ಮತ್ತೆ ಕಮ್ಮಿ ಬಿದ್ದರೆ ಎಂದು ಲಿಂಗಪ್ಪ ಕೇಳುತ್ತಾರೆ.

"ಬಿದ್ರೆ ಬೀಳ್ಲಿ, ಇಬ್ರು ಆಳು ಕಮ್ಮಿ ಮಾಡ್ತೀನಿ" ಎನ್ನುತ್ತಾರೆ ರುದ್ರಾಣಿ, ಮಸಿಯ ಹೆಗಲು ಸವರುತ್ತಾ. "ಹೋದ ವರ್ಷದ ಪಾಲೂ ಕೊಡೋದಿತ್ತಲ್ಲ."